ಪೆಟ್ಟಿಗೆ ಚೆನ್ನಾಗಿದೆ, ದನಿ ತೆಳ್ಳಗಿದೆ. ಕೆಪಾಸಿಟರ್ ಬದಲಿಸಲಾ?

ಮರದಪುಡಿ:

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳು ಹೆಣಗಾಡಿ ಒಂದು ಜೋಡಿ ಸ್ಪೀಕರ್ ಕಟ್ಟಿ ಮುಗಿಸಿದ್ದೇನೆ. ನೋಡೋಕೆ ಚೆನ್ನಾಗಿವೆ. ಬಂದವರೆಲ್ಲ ಪೆಟ್ಟಿಗೆಯನ್ನು ಸವರಿ ಸವರಿ ಹೊಗಳುತ್ತಾರೆ. ಹಾಡು ಹಾಕಿದ ಮೇಲೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅಲ್ಲೇ ಗೊತ್ತಾಗುತ್ತದೆ ಅಲ್ವಾ.

ವಿವರ ಹೀಗಿದೆ. ಕೆಳಗಿನ ಸ್ವರಗಳಿಗೆ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಒಂದು ಇಂಚಿನ ರೇಷ್ಮೆ ಡೋಮ್ ಟ್ವೀಟರ್. ಪೆಟ್ಟಿಗೆ 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). ಪೆಟ್ಟಿಗೆಯ ಅಗಲ 21 ಸೆಂ.ಮೀ., ಎತ್ತರ 38, ಆಳ 36. ಒಳಗಿನ ಅಡ್ಡಪಟ್ಟಿ, ವೂಫರಿನ ಮೈ, ಕೊಳವೆ ಎಲ್ಲ ಕಳೆದರೆ ಸುಮಾರು 18 ಲೀಟರ್. ಹಿಂದೆ 5 ಸೆಂ.ಮೀ. ವ್ಯಾಸ, 15 ಸೆಂ.ಮೀ. ಉದ್ದದ ಪೋರ್ಟ್, ಅಂದರೆ ಗಾಳಿ ಓಡಾಡುವ ಕೊಳವೆ. ಅದು ಟ್ಯೂನ್ ಆಗಿರುವುದು 42 ಹರ್ಟ್ಸ್‌ಗೆ. ಕ್ರಾಸ್‌ಓವರ್ (ವೂಫರಿಗೂ ಟ್ವೀಟರಿಗೂ ಸ್ವರ ಹಂಚುವ ಸರ್ಕ್ಯೂಟ್) 2,200 ಹರ್ಟ್ಸ್‌ನಲ್ಲಿ, ನಾಲ್ಕನೇ ಆರ್ಡರ್ ಲಿಂಕ್‌ವಿಟ್ಜ್-ರೈಲಿ ಮಾದರಿ. ಡ್ರೈವರ್ (ಅಂದರೆ ವೂಫರ್, ಟ್ವೀಟರ್) ತಯಾರಕರು ಕೊಟ್ಟ ಗ್ರಾಫನ್ನೇ ಸಾಫ್ಟ್‌ವೇರಿಗೆ ಹಾಕಿ ಕ್ರಾಸ್‌ಓವರ್ ಲೆಕ್ಕ ಮಾಡಿದೆ. ಪರದೆಯ ಮೇಲೆ ಗೆರೆ ಸ್ಕೇಲಿಟ್ಟು ಎಳೆದ ಹಾಗೆ ಬಂದಿತ್ತು. ಅದನ್ನು ನೋಡಿ ಆ ರಾತ್ರಿ ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ.

ಈಗ ಕಷ್ಟಗಳು. ಗಂಡು ದನಿ ತೆಳ್ಳಗೆ ಕೇಳುತ್ತದೆ, ಎದೆಯಿಂದ ಬರುವ ಬದಲು ಮೂಗಿನಿಂದ ಬಂದ ಹಾಗೆ. ಇನ್ನೊಂದು ಕಡೆ ಬಾಸ್‌ನಲ್ಲಿ ಒಂದೇ ಒಂದು ಸ್ವರ ಗುಂಯ್ ಅಂತ ಉಬ್ಬುತ್ತದೆ, ಉಳಿದ ಸ್ವರಗಳು ಸುಮ್ನೆ ಇರುತ್ತವೆ. ಮೂರನೆಯದು, ಹಾಡುವವರು ನಡುವೆ ನಿಲ್ಲುವುದಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ತಲೆಯ ಹಿಂದೆ.

ಕೋಣೆ 4.3 ಮೀಟರ್ ಉದ್ದ, 3.4 ಅಗಲ. ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ 20 ಸೆಂ.ಮೀ. ಅಂತರ. ನನ್ನ ಕುರ್ಚಿ ಎದುರುಗೋಡೆಗೆ ಒರಗಿದೆ. ಅಳೆಯುವ ಮೈಕ್ ಇದೆ, ಅಳತೆಯನ್ನು ಗ್ರಾಫ್ ಮಾಡಿ ತೋರಿಸುವ ರೂಮ್ ಇಕ್ಯೂ ವಿಝಾರ್ಡ್ ಸಾಫ್ಟ್‌ವೇರ್ ಕೂಡ ಹಾಕಿಕೊಂಡಿದ್ದೇನೆ. ಕುರ್ಚಿಯಲ್ಲಿ ಅಳೆದರೆ 40 ಹರ್ಟ್ಸ್‌ನಲ್ಲಿ ಗುಡ್ಡ, 150ರ ಹತ್ತಿರ ದೊಡ್ಡ ಗುಂಡಿ. ಈಕ್ವಲೈಜರಿನಲ್ಲಿ ಆ ಗುಂಡಿಯನ್ನು 9 ಡೆಸಿಬೆಲ್ ಎತ್ತಿದೆ. ಗುಂಡಿ ಜಪ್ಪಯ್ಯ ಅನ್ನಲಿಲ್ಲ. ವೂಫರ್ ಮಾತ್ರ ನರಳೋಕೆ ಶುರು ಮಾಡಿತು.

ಟ್ವೀಟರಿಗೆ ಹಾಕಿರುವ ಕೆಪಾಸಿಟರ್ ಸಾಧಾರಣದ್ದು, ಪಾಲಿಪ್ರೊಪಿಲೀನ್. ಅದರ ಬದಲು ಒಳ್ಳೆಯ ದುಬಾರಿ ಕೆಪಾಸಿಟರ್ ಹಾಕಲಾ? ಇಲ್ಲ ಆಂಪ್ಲಿಫೈಯರ್ರೇ ಸಾಲದಾ?

ದಪ್ಪತಂತಿ:

ಮೊದಲು ಸ್ಪೀಕರ್ ತಂತಿ ಬದಲಿಸಿ ನೋಡಿ ಸಾರ್. ನಾನು ದಪ್ಪದ್ದು ಹಾಕಿದ ಮೇಲೆ ದನಿಗೆ ಮೈ ಬಂತು.

ಸೊನ್ನೆ ಡೆಸಿಬೆಲ್:

ದನಿ ನಡುವೆ ನಿಲ್ಲುತ್ತಿಲ್ಲ ಅಂದರೆ ಯಾವುದೋ ಒಂದು ಪ್ಲಸ್-ಮೈನಸ್ ಅದಲುಬದಲಾಗಿರಬೇಕು. ಒಂದೂವರೆ ವೋಲ್ಟ್ ಸೆಲ್ ತಗೊಂಡು ಪೆಟ್ಟಿಗೆಯ ಕೆಂಪು ಟರ್ಮಿನಲ್‌ಗೆ ಪ್ಲಸ್ ಮುಟ್ಟಿಸಿ. ಎರಡೂ ವೂಫರ್ ಹೊರಕ್ಕೆ ಬರಬೇಕು. ಒಂದು ಒಳಕ್ಕೆ ಹೋದರೆ ಸಿಕ್ಕಿತು ಅಂತ ತಿಳಿಯಿರಿ.

ಕಿವಿಮಾತು:

ಮರದಪುಡಿಯವರೇ, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ತಂತಿಯನ್ನೂ. 2.5 ಚದರ ಮಿ.ಮೀ. ತಾಮ್ರದ ತಂತಿ ಮೂರು ಮೀಟರ್ ಹೋಗಿ ಮೂರು ಮೀಟರ್ ವಾಪಸ್ ಬಂದರೆ ಅದರ ರೆಸಿಸ್ಟೆನ್ಸ್ ಸುಮಾರು 0.04 ಓಮ್. 8 ಓಮ್ ಸ್ಪೀಕರ್ ಮುಂದೆ ಅದು ಲೆಕ್ಕಕ್ಕಿಲ್ಲ. ದಪ್ಪತಂತಿಯವರು ಬೇಜಾರು ಮಾಡಿಕೊಳ್ಳಬಾರದು.

ನಿಮಗಿರುವುದು ಒಂದು ಕಾಯಿಲೆ ಅಲ್ಲ. ಬೇರೆ ಬೇರೆ ನಾಲ್ಕು. ನೀವು ನಾಲ್ಕಕ್ಕೂ ಸೇರಿಸಿ ಒಂದೇ ಮಾತ್ರೆ ಹುಡುಕುತ್ತಿದ್ದೀರಿ.

ತೆಳ್ಳಗಿನ ದನಿಗೆ ಕಾರಣ ಆ ಸ್ಕೇಲಿಟ್ಟ ಗೆರೆಯೇ. ತಯಾರಕರು ಸಾಮಾನ್ಯವಾಗಿ ವೂಫರನ್ನು ದೊಡ್ಡ ಹಲಗೆಯಲ್ಲಿ ಕೂರಿಸಿ ಅಳೆಯುತ್ತಾರೆ. ಸದ್ದಿಗೆ ಹಿಂದಕ್ಕೆ ಹೋಗೋಕೆ ದಾರಿ ಇಲ್ಲ, ಎಲ್ಲ ಮುಂದಕ್ಕೇ ಬರುತ್ತದೆ. ನಿಮ್ಮ ಹಲಗೆ ಬರೀ 21 ಸೆಂ.ಮೀ. ಮೇಲಿನ ಸ್ವರಗಳಿಗೆ ಅಷ್ಟು ಹಲಗೆಯೂ ಗೋಡೆಯೇ. ಕೆಳಗಿನ ಸ್ವರಗಳ ಅಲೆ ಉದ್ದ. ಅವು ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹರಡಿಬಿಡುತ್ತವೆ. 115ನ್ನು ಹಲಗೆಯ ಅಗಲದಿಂದ, ಮೀಟರ್ ಲೆಕ್ಕದಲ್ಲಿ, ಭಾಗಿಸಿ. ಸುಮಾರು 550 ಹರ್ಟ್ಸ್ ಬರುತ್ತದೆ. ಅದರ ಆಸುಪಾಸಿನಲ್ಲಿ ಸದ್ದು ಇಳಿಯುತ್ತಾ ಹೋಗಿ ಕೊನೆಗೆ 6 ಡೆಸಿಬೆಲ್ ಕಡಿಮೆಯಾಗಿ ನಿಲ್ಲುತ್ತದೆ. ಇದಕ್ಕೆ ಬ್ಯಾಫಲ್ ಸ್ಟೆಪ್ ಅನ್ನುತ್ತಾರೆ. ಗಂಡು ದನಿಯ ಎದೆ ಇರುವುದೇ ಅದರ ಕೆಳಗೆ.

ಕ್ರಾಸ್‌ಓವರಿನಲ್ಲಿ ವೂಫರಿಗೆ ಹೋಗುವ ದಾರಿಯಲ್ಲಿರುವ ತಂತಿಸುರುಳಿ, ಅಂದರೆ ಸೀರೀಸ್ ಕಾಯಿಲ್, ದೊಡ್ಡದು ಮಾಡಿ ಮೇಲಿನ ಭಾಗವನ್ನು ತಗ್ಗಿಸಬೇಕು, ಅದಕ್ಕೆ ಸರಿಯಾಗಿ ಟ್ವೀಟರನ್ನು ರೆಸಿಸ್ಟರ್ ಹಾಕಿ ಇಳಿಸಬೇಕು. ಪೂರ್ತಿ 6 ಡೆಸಿಬೆಲ್ ಬೇಡ. ಹಿಂದಿನ ಗೋಡೆ ಒಂದಿಷ್ಟು ವಾಪಸ್ ಕೊಡುತ್ತದೆ, 3-4 ಸಾಕು. ಸ್ಪೀಕರಿನ ಒಟ್ಟು ಸೆನ್ಸಿಟಿವಿಟಿ (ಇಷ್ಟು ಪವರ್‌ಗೆ ಎಷ್ಟು ಸದ್ದು ಅನ್ನುವುದು) ಅಷ್ಟು ಕುಗ್ಗುತ್ತದೆ. ಕುಗ್ಗಲಿ ಬಿಡಿ. ಬಿಬಿಸಿಯವರು 1970ರ ದಶಕದಲ್ಲಿ ಮಾಡಿದ ಎಲ್‌ಎಸ್3/5ಎ ಅನ್ನುವ ಪುಟ್ಟ ಮಾನಿಟರ್ ಸ್ಪೀಕರ್ ಇದೆಯಲ್ಲ, ಅದರ ಸೆನ್ಸಿಟಿವಿಟಿ ಬರೀ 83 ಡೆಸಿಬೆಲ್ ಆಸುಪಾಸಿನದು. ಸದ್ದು ಬಿಟ್ಟುಕೊಟ್ಟು ದನಿಯ ಸಮತೋಲ ಉಳಿಸಿಕೊಂಡರು. ಜನ ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಗುಂಯ್ ಅನ್ನುವುದು ಸ್ಪೀಕರಲ್ಲ, ಕೋಣೆ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ 8.6ರಿಂದ ಭಾಗಿಸಿ. 40 ಹರ್ಟ್ಸ್! ನಿಮ್ಮ ಗುಡ್ಡ ಅದೇ. ತೊಟ್ಟಿಯಲ್ಲಿ ನೀರು ತುಳುಕುವುದನ್ನು ನೋಡಿರುತ್ತೀರಿ. ಎರಡು ತುದಿಯಲ್ಲಿ ಏರಿಳಿತ ಜಾಸ್ತಿ, ನಡುವೆ ನೀರಿನ ಮಟ್ಟ ಅಲುಗುವುದೇ ಇಲ್ಲ. ನೀವು ಒಂದು ತುದಿಯಲ್ಲಿ ಸ್ಪೀಕರ್ ಇಟ್ಟು ಇನ್ನೊಂದು ತುದಿಯಲ್ಲಿ ಕೂತಿದ್ದೀರಿ. ಸಾಲದ್ದಕ್ಕೆ ಪೋರ್ಟನ್ನೂ 42ಕ್ಕೆ ಟ್ಯೂನ್ ಮಾಡಿ ತುಪ್ಪ ಸುರಿದಿದ್ದೀರಿ. ಕುರ್ಚಿಯನ್ನು ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದಕ್ಕೆ ತನ್ನಿ. ಸರಿಯಾಗಿ ನಡುವೆ ಬೇಡ, ಅಲ್ಲಿ ಆ ಸ್ವರ ಪೂರ್ತಿ ಮಾಯವಾಗುತ್ತದೆ. ಪೋರ್ಟಿಗೆ ಒಂದು ಕಾಲುಚೀಲ ತುರುಕಿ ನೋಡಿ. ತಮಾಷೆ ಅಲ್ಲ.

ಇದನ್ನು ನಾನು ಪುಸ್ತಕದಲ್ಲಿ ಕಲಿತದ್ದಲ್ಲ. ಇಂಥದ್ದೇ ಗುಂಯ್‌ಗೆ ಎರಡು ಆಂಪ್ಲಿಫೈಯರ್ ಬದಲಿಸಿದವನು ನಾನು. ಮೂರನೆಯದಕ್ಕೆ ಮನಸ್ಸು ಮಾಡಿದ್ದೆ. ಒಂದು ದಿನ ಗುಡಿಸೋಕೆ ಅಂತ ಕುರ್ಚಿಯನ್ನು ಕೋಣೆಯ ನಡುವಿಗೆ ಎಳೆದಿಟ್ಟು, ಸುಸ್ತಾಗಿ ಅಲ್ಲೇ ಕೂತೆ. ಹಾಡು ಓಡುತ್ತಿತ್ತು. ಗುಂಯ್ ಇಲ್ಲ. ಪೊರಕೆ ಕೈಯಲ್ಲೇ ಇತ್ತು.

150ರ ಗುಂಡಿ ಗೋಡೆಯ ಕೆಲಸ. ವೂಫರಿನಿಂದ ಹಿಂದಿನ ಗೋಡೆಗೆ 36 ಮತ್ತು 20, ಒಟ್ಟು 56 ಸೆಂ.ಮೀ. ಸದ್ದು ಅಲ್ಲಿಗೆ ಹೋಗಿ ಬರೋಕೆ 1.12 ಮೀಟರ್. 153 ಹರ್ಟ್ಸ್‌ನ ಅರ್ಧ ಅಲೆ ಅಷ್ಟೇ ಉದ್ದ. ಹಾಗಾಗಿ ವಾಪಸ್ ಬಂದ ಸದ್ದು ನೇರ ಬಂದ ಸದ್ದಿಗೆ ಉಲ್ಟಾ ನಿಂತು ಅದನ್ನು ಅಳಿಸುತ್ತದೆ. ಈಕ್ವಲೈಜರಿನಲ್ಲಿ ಎತ್ತಿದರೆ ಎರಡೂ ಒಟ್ಟಿಗೆ ಏರುತ್ತವೆ, ಗುಂಡಿ ಇದ್ದಲ್ಲೇ ಇರುತ್ತದೆ. 9 ಡೆಸಿಬೆಲ್ ಅಂದರೆ ಎಂಟರಷ್ಟು ಪವರ್. ವೂಫರ್ ನರಳದೆ ಇನ್ನೇನು ಮಾಡುತ್ತದೆ? ಪೆಟ್ಟಿಗೆಯನ್ನು ಮುಂದಕ್ಕೆ ತಂದರೆ ಗುಂಡಿ ಕೆಳಕ್ಕೆ ಜರುಗುತ್ತದೆ. ಒಂದು ಎಚ್ಚರ: ಪಕ್ಕದ ಗೋಡೆಗೂ ಹಿಂದಿನ ಗೋಡೆಗೂ ಒಂದೇ ಅಂತರ ಇಡಬೇಡಿ. ಗುಂಡಿಗಳು ಒಂದರ ಮೇಲೊಂದು ಬೀಳುತ್ತವೆ.

ಉಳಿದದ್ದು ನಡುವೆ ನಿಲ್ಲದ ದನಿ. ಸೊನ್ನೆಯವರ ಅನುಮಾನ ಸರಿ. ಆದರೆ ಸೆಲ್ ಪರೀಕ್ಷೆ ವೂಫರಿನ ಬಗ್ಗೆ ಮಾತ್ರ ಹೇಳುತ್ತದೆ. ಟ್ವೀಟರಿನ ಮುಂದೆ ಕೆಪಾಸಿಟರ್ ಇದೆ, ಸೆಲ್‌ನಿಂದ ಬರುವ ಡಿಸಿಯನ್ನು (ಒಂದೇ ದಿಕ್ಕಿನ ಕರೆಂಟನ್ನು) ಅದು ಬಿಡುವುದಿಲ್ಲ. ಒಂದು ಟ್ವೀಟರ್ ಉಲ್ಟಾ ಇದ್ದರೂ ಸೆಲ್‌ಗೆ ಗೊತ್ತಾಗದು. ಅದಕ್ಕೆ ಒಂದೊಂದೇ ಪೆಟ್ಟಿಗೆಯನ್ನು ಕೋಣೆಯ ನಡುವೆ, ಟ್ವೀಟರ್ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಬರುವ ಹಾಗೆ ಇಟ್ಟು, ಅದೇ ಎತ್ತರದಲ್ಲಿ ಒಂದು ಮೀಟರ್ ದೂರದಿಂದ ಅಳೆಯಿರಿ. ನೆಲಕ್ಕೆ ಬಡಿದು ಬರುವ ಸದ್ದು 3.6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಸಾಫ್ಟ್‌ವೇರಿನಲ್ಲಿ ಅಳತೆಯನ್ನು ಅದಕ್ಕಿಂತ ಮುಂಚೆಯೇ ಕತ್ತರಿಸಿ. ಹಾಗೆ ಕತ್ತರಿಸಿದ ಗ್ರಾಫನ್ನು 280 ಹರ್ಟ್ಸ್‌ಗಿಂತ ಕೆಳಗೆ ನಂಬಬೇಡಿ. ಅಲ್ಲಿಗೆ ವೂಫರಿನ ಹತ್ತಿರವೇ, ಒಂದು ಸೆಂಟಿಮೀಟರ್ ದೂರದಲ್ಲಿ ಮೈಕ್ ಹಿಡಿದು ಬೇರೆ ಅಳೆಯಬೇಕು.

ಲಿಂಕ್‌ವಿಟ್ಜ್ ಮತ್ತು ರೈಲಿ ಅನ್ನುವ ಎಂಜಿನಿಯರುಗಳು 1976ರಲ್ಲಿ ಕೊಟ್ಟ ಉಪಾಯದಲ್ಲಿ ಎರಡೂ ಡ್ರೈವರ್ ಕ್ರಾಸ್‌ಓವರ್ ಜಾಗದಲ್ಲಿ 6 ಡೆಸಿಬೆಲ್ ಕೆಳಗಿದ್ದು, ಹೆಜ್ಜೆಗೆ ಹೆಜ್ಜೆ ಹಾಕುತ್ತವೆ. ಕೂಡಿದರೆ ಸಮ. ಒಂದು ಉಲ್ಟಾ ಆದರೆ ಅಲ್ಲೇ ಒಂದನ್ನೊಂದು ನುಂಗುತ್ತವೆ. ಯಾವುದಾದರೂ ಪೆಟ್ಟಿಗೆಯಲ್ಲಿ 2,200ಕ್ಕೆ ಬಾವಿ ಕಂಡರೆ ಬಂದು ಹೇಳಿ.

ದಪ್ಪತಂತಿ:

ಬೇಜಾರಿಲ್ಲ ಸಾರ್. ಈಗ ಯೋಚಿಸಿದರೆ, ತಂತಿ ಬದಲಿಸುವಾಗ ಪೆಟ್ಟಿಗೆಗಳನ್ನು ಎತ್ತಿ ಬೇರೆ ಕಡೆ ಇಟ್ಟಿದ್ದೆ.

ಮರದಪುಡಿ:

ಮೂರು ವಾರ ಆಯಿತು. ವರದಿ ಒಪ್ಪಿಸುತ್ತಿದ್ದೇನೆ.

ಬಲಗಡೆ ಪೆಟ್ಟಿಗೆಯಲ್ಲಿ 2,200ಕ್ಕೆ ಬಾವಿ. ಹತ್ತಿರ ಹತ್ತಿರ 20 ಡೆಸಿಬೆಲ್ ಆಳ. ಬಿಚ್ಚಿ ನೋಡಿದರೆ ಟ್ವೀಟರಿಗೆ ಕೆಂಪು ತಂತಿಯನ್ನು ಮೈನಸ್‌ಗೆ ಬೆಸುಗೆ ಹಾಕಿದ್ದೇನೆ. ಆ ಪೆಟ್ಟಿಗೆಯನ್ನು ರಾತ್ರಿ ಒಂದು ಗಂಟೆಗೆ ಮುಗಿಸಿದ್ದು ನೆನಪಿದೆ. ಸೆಲ್ ಪರೀಕ್ಷೆಯನ್ನೂ ಮಾಡಿದ್ದೆ, ಎರಡೂ ವೂಫರ್ ಹೊರಕ್ಕೇ ಬಂದವು. ಕಿವಿಮಾತು ಸಾರ್ ಹೇಳದಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ತಂತಿ ಸರಿ ಮಾಡಿ, ಒಬ್ಬರೇ ಹಾಡುವ ಹಳೆಯ ಮೋನೊ (ಎರಡೂ ಕಡೆ ಒಂದೇ ಸದ್ದು ಬರುವ) ರೆಕಾರ್ಡಿಂಗ್ ಹಾಕಿದೆ. ದನಿ ಎರಡು ಪೆಟ್ಟಿಗೆಗಳ ನಡುವೆ ಬಂದು ನಿಂತಿತು. ಸುಮಾರು ಹೊತ್ತು ಆ ಖಾಲಿ ಜಾಗವನ್ನೇ ನೋಡುತ್ತಾ ಕೂತಿದ್ದೆ.

ಆಮೇಲೆ ನಾನೇ ಅಳೆದ ಗ್ರಾಫ್ ಹಾಕಿ ಕ್ರಾಸ್‌ಓವರ್ ಮತ್ತೆ ಲೆಕ್ಕ ಹಾಕಿದೆ. ವೂಫರಿನ ಕಾಯಿಲ್ 1.2 ಮಿಲಿಹೆನ್ರಿ ಇದ್ದದ್ದು 2.2 ಆಯಿತು. ಅದರ ಜೊತೆಗಿನ ಕೆಪಾಸಿಟರಿನ ಬೆಲೆಯೂ ಬದಲಾಯಿತು. (ಬೆಲೆ ಅಂದರೆ ಮೈಕ್ರೊಫ್ಯಾರಡ್. ದುಬಾರಿಯದ್ದು ತರಲಿಲ್ಲ.) ಟ್ವೀಟರ್ 4 ಡೆಸಿಬೆಲ್ ಇಳಿಯಿತು. ವಾಲ್ಯೂಮ್ ಮೊದಲಿಗಿಂತ ಜಾಸ್ತಿ ತಿರುಗಿಸಬೇಕು. ಆದರೆ ಗಂಡು ದನಿಗೆ ಎದೆ ಬಂದಿದೆ. ಪರೀಕ್ಷೆಗೆ ಅಂತ ಎರಡೂ ಟ್ವೀಟರನ್ನು ಬೇಕೆಂದೇ ಉಲ್ಟಾ ಮಾಡಿ ಅಳೆದೆ. ಎರಡರಲ್ಲೂ 2,200ಕ್ಕೆ ಬಾವಿ, ಎರಡು ಬದಿ ಒಂದೇ ಥರ. ಅಂದರೆ ಡ್ರೈವರ್‌ಗಳು ಹೆಜ್ಜೆ ತಪ್ಪಿಲ್ಲ ಅಂತಲ್ವಾ? ಮತ್ತೆ ನೇರ ಮಾಡಿದ್ದೇನೆ. ಈ ಸಲ ಹಗಲಿನಲ್ಲಿ.

ಕುರ್ಚಿ ತಾನು ಒರಗಿದ್ದ ಗೋಡೆಯಿಂದ 1.4 ಮೀಟರ್ ಮುಂದೆ ಬಂತು. 40ರ ಗುಡ್ಡ 6 ಡೆಸಿಬೆಲ್‌ನಷ್ಟು ತಗ್ಗಿತು. ಕಾಲುಚೀಲದಿಂದ ಇನ್ನೂ ಎರಡು-ಮೂರು. ಸ್ಪೀಕರ್‌ಗಳನ್ನು ಮುಂದಕ್ಕೆ ತಂದೆ. ಈಗ ವೂಫರಿನಿಂದ ಹಿಂದಿನ ಗೋಡೆಗೆ 90 ಸೆಂ.ಮೀ., ಪಕ್ಕದ ಗೋಡೆಗೆ 70. ಎರಡು ಪೆಟ್ಟಿಗೆಗಳ ನಡುವೆ ಎರಡು ಮೀಟರ್. ಗುಂಡಿ ಹೋಗಲಿಲ್ಲ, 95ರ ಹತ್ತಿರಕ್ಕೆ ಜರುಗಿತು. ಕಿವಿಗೆ ಮೊದಲಿನಷ್ಟು ಹೊಡೆಯುವುದಿಲ್ಲ. ಕೋಣೆಯಲ್ಲಿ ಓಡಾಡೋಕೆ ಮಾತ್ರ ಜಾಗ ಉಳಿದಿಲ್ಲ.

ಗುಡ್ಡ ಇನ್ನೂ ಸ್ವಲ್ಪ ಉಳಿದಿದೆ. ಅದಕ್ಕಾದರೂ ಈಕ್ವಲೈಜರ್ ಮುಟ್ಟಬಹುದಾ?

ಕಿವಿಮಾತು:

ಮುಟ್ಟಿ. ಗುಂಡಿ ತುಂಬೋಕೆ ಆಗುವುದಿಲ್ಲ, ಗುಡ್ಡ ಕಡಿಯಬಹುದು. 40ರಲ್ಲಿ ಕಿರಿದಾದ ಒಂದು ಫಿಲ್ಟರ್, ನಾಲ್ಕೈದು ಡೆಸಿಬೆಲ್ ಕೆಳಕ್ಕೆ. ಕುರ್ಚಿಯಲ್ಲೇ ಅಳೆದು ಮಾಡಿ. ಹಾಗೆ ಕಡಿದರೆ ಆಂಪ್ಲಿಫೈಯರಿನ ಮೇಲೂ ಹೊರೆ ಬೀಳುವುದಿಲ್ಲ.

ಒಂದು ಕೇಳುವುದು ಮರೆತಿದ್ದೆ. ಹೊಸ 2.2ರ ಕಾಯಿಲ್ ದೊಡ್ಡದಿರುತ್ತದೆ. ಟ್ವೀಟರಿನ ಕಾಯಿಲ್ ಪಕ್ಕದಲ್ಲೇ ಅದೇ ದಿಕ್ಕಿಗೆ ಮಲಗಿಸಿಲ್ಲ ತಾನೇ? ಹಾಗಿದ್ದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಹಾರುತ್ತದೆ. ಒಂದು ಮಲಗಿದ್ದರೆ ಇನ್ನೊಂದನ್ನು ನಿಲ್ಲಿಸಬೇಕು, ನಡುವೆ ಅಂತರವೂ ಇರಬೇಕು.

ಮರದಪುಡಿ:

ಅಕ್ಕಪಕ್ಕದಲ್ಲೇ ಮಲಗಿಸಿದ್ದೇನೆ ಸಾರ್. ಸಾಲಾಗಿ, ಅಂದವಾಗಿ. ಸ್ಕ್ರೂಡ್ರೈವರ್ ತರುತ್ತೇನೆ.