ವಿಡಿಯೋ ಅಳೆಯೋ ಸಾಫ್ಟ್‌ವೇರ್ ಕಿನೋವಿಯಾದಲ್ಲಿ ಪಾದ ನೆಲದ ಮೇಲಿರೋ ಸಮಯ 1.9 ಸೆಕೆಂಡ್ ಬರ್ತಿದೆ, ಎಲ್ಲಿ ಎಡವಟ್ಟಾಗಿದೆ?

ಕೆರೆಏರಿ_ಓಟ:
ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ. ಹಾಫ್ ಮ್ಯಾರಥಾನ್‌ಗೆ ತಯಾರಿ ನಡೀತಿದೆ. ಆರೇಳು ಕಿಲೋಮೀಟರ್ ದಾಟಿದ ಮೇಲೆ ಬಲಮಂಡಿಯ ಹೊರಬದಿ ನೋಯೋಕೆ ಶುರು. ಲ್ಯಾಬಿನಲ್ಲಿ ಗೇಟ್ ಅನಾಲಿಸಿಸ್ (ನಡಿಗೆ, ಓಟದ ರೀತಿಯ ಪರೀಕ್ಷೆ) ಮಾಡಿಸೋಣ ಅಂತ ವಿಚಾರಿಸಿ, ರೇಟು ಕೇಳಿ ಸುಮ್ಮನಾದೆ. ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ಓಡಿ, ತಮ್ಮನ ಕೈಲಿ ಐಫೋನ್ ಸ್ಲೋಮೋದಲ್ಲಿ, ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು ವಿಡಿಯೋ ತೆಗೆಸಿದೆ. ಅದನ್ನ ವಾಟ್ಸಾಪ್‌ನಲ್ಲಿ ಲ್ಯಾಪ್‌ಟಾಪ್‌ಗೆ ಕಳಿಸಿಕೊಂಡು ಕಿನೋವಿಯಾದಲ್ಲಿ ತೆರೆದೆ.

ಪಾದ ತಾಗಿ ಏಳೋವರೆಗಿನ ಸಮಯ 1.9 ಸೆಕೆಂಡ್ ಅಂತ ತೋರಿಸ್ತಿದೆ! ಅದೇ ವಿಡಿಯೋದ ಶುರುವಿನಲ್ಲಿ ಅಳೆದರೆ 233 ಮಿಲಿಸೆಕೆಂಡ್. ಓಡಿದ್ದು ಒಂದೇ ವೇಗದಲ್ಲಿ. ಮಂಡಿಯ ಕೋನವೂ ಹೆಜ್ಜೆಯಿಂದ ಹೆಜ್ಜೆಗೆ ಏಳೆಂಟು ಡಿಗ್ರಿ ಆಚೀಚೆ. ಸಾಲದ್ದಕ್ಕೆ ವಿಡಿಯೋ ತುಂಬಾ ಮಿಣುಕು. ಸಾಫ್ಟ್‌ವೇರ್ ಬದಲಾಯಿಸಬೇಕಾ?

ಫ್ರೇಮ್‌ಲೆಕ್ಕ:
ಬೇಡ, ಕಿನೋವಿಯಾ ಸರಿಯಾಗೇ ಇದೆ. 1.9ನ್ನ 8ರಿಂದ ಭಾಗಿಸಿ ನೋಡಿ, 240 ಮಿಲಿಸೆಕೆಂಡ್ ಆಸುಪಾಸು ಬರುತ್ತೆ. ಸೆಕೆಂಡಿಗೆ 240 ಫ್ರೇಮ್ ತೆಗೆದಿದ್ದನ್ನ 30 ಫ್ರೇಮ್‌ನಲ್ಲಿ ಆಡಿಸಿದರೆ ಎಲ್ಲ ಎಂಟು ಪಟ್ಟು ನಿಧಾನ.

ಐಫೋನ್ ಸ್ಲೋಮೋ ವಿಡಿಯೋದ ಮೊದಲ ಮತ್ತು ಕೊನೆಯ ತುಣುಕು ಮಾಮೂಲಿ ವೇಗದಲ್ಲಿರುತ್ತೆ, ನಡುವಿನದು ಮಾತ್ರ ನಿಧಾನ. ಗ್ಯಾಲರಿಯಲ್ಲಿದ್ದಾಗ ಇದು ಬರೀ ತೋರಿಕೆ, ಮೂಲ ಫೈಲ್‌ನಲ್ಲಿ ಎಲ್ಲಾ ಫ್ರೇಮ್ ಭದ್ರವಾಗಿರುತ್ತೆ. ವಾಟ್ಸಾಪ್‌ಗೆ ಹಾಕಿದ ಕೂಡಲೇ ಆ ವೇಗದ ಏರಿಳಿತವೇ ವಿಡಿಯೋದಲ್ಲಿ ಅಚ್ಚಾಗಿಬಿಡುತ್ತೆ. ಅದಕ್ಕೇ ಒಂದೇ ಫೈಲ್‌ನಲ್ಲಿ ನಿಮಗೆ ಎರಡು ಉತ್ತರ. ಆ 233ನ್ನೂ ನಂಬಬೇಡಿ. ಅದು ಏಳು ಫ್ರೇಮ್ ಅಷ್ಟೇ. 30 ಫ್ರೇಮ್‌ನಲ್ಲಿ ಒಂದೊಂದು ಫ್ರೇಮ್ 33 ಮಿಲಿಸೆಕೆಂಡ್, ಆರಾದರೆ 200, ಎಂಟಾದರೆ 267. ಮಧ್ಯದ ಸಂಖ್ಯೆ ಬರೋ ದಾರಿಯೇ ಇಲ್ಲ. 240ರಲ್ಲಿ ಒಂದು ಫ್ರೇಮ್ ಸುಮಾರು 4 ಮಿಲಿಸೆಕೆಂಡ್.

ಫೋಟೋಸ್ ಸೆಟ್ಟಿಂಗಿನಲ್ಲಿ ಕಂಪ್ಯೂಟರ್‌ಗೆ ಮೂಲ ಫೈಲನ್ನೇ ಕಳಿಸೋ ಆಯ್ಕೆ ಇದೆ, ಅದನ್ನ ಒತ್ತಿ ಕೇಬಲ್‌ನಲ್ಲಿ ಕಾಪಿ ಮಾಡಿ. ಆಂಡ್ರಾಯ್ಡ್‌ನವರಿಗೆ ಒಂದು ಮಾತು: ಕೆಲವು ಫೋನ್ ಫೈಲನ್ನೇ ನಿಧಾನ ಮಾಡಿ ಉಳಿಸುತ್ತವೆ. ಆಗ ಕಿನೋವಿಯಾದ ವಿಡಿಯೋ ಮೆನುವಿನಲ್ಲಿ ಟೈಮಿಂಗ್ ಸೆಟ್ಟಿಂಗಿಗೆ ಹೋಗಿ, ಚಿತ್ರೀಕರಿಸಿದ ವೇಗ 240 ಅಂತ ತುಂಬಿ.

ಮಿಣುಕಿಗೆ ಕಾರಣ ಜಿಮ್ಮಿನ ದೀಪ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ, 240 ಫ್ರೇಮ್ ಅದನ್ನ ಹಿಡಿದುಬಿಡುತ್ತೆ. ಬಿಸಿಲಿನಲ್ಲಿ ತೆಗೆಸಿ.

ಮಂಡಿಚಿಪ್ಪು:
ನಾನು ಫಿಸಿಯೋ. ಕೋನ ಕುಣಿಯೋದು ಕ್ಯಾಮೆರಾ ಕೈಯಲ್ಲಿ ಹಿಡಿದಿರೋದ್ರಿಂದ. ತಮ್ಮನನ್ನ ಬಿಟ್ಟುಬಿಡಿ, ಟ್ರೈಪಾಡ್ ಇಡಿ. ಮಂಡಿ ಮತ್ತು ಸೊಂಟದ ನಡುವಿನ ಎತ್ತರದಲ್ಲಿ, ಓಡೋ ದಿಕ್ಕಿಗೆ ನೇರ ಅಡ್ಡಕ್ಕೆ. ಹತ್ತಿರ ನಿಂತು ವೈಡ್‌ನಲ್ಲಿ ತೆಗೆಯೋದಕ್ಕಿಂತ ದೂರ ಸರಿದು ಝೂಮ್ ಮಾಡೋದು ಮೇಲು. ಸಡಿಲ ಟ್ರ್ಯಾಕ್ ಪ್ಯಾಂಟ್ ಹಾಕಿದ್ದರೆ ಯಾವ ಅಳತೆಯೂ ನಿಲ್ಲಲ್ಲ. ತೊಡೆಮೂಳೆಯ ಮೇಲ್ತುದಿ ಹೊರಗೆ ಕೈಗೆ ಸಿಗುತ್ತಲ್ಲ, ಅಲ್ಲಿ, ಮಂಡಿಯ ಹೊರಬದಿಯಲ್ಲಿ ಮತ್ತು ಪಾದದ ಗಂಟಿನ ಮೇಲೆ ಒಂದೊಂದು ಸ್ಟಿಕ್ಕರ್ ಬಿಂದಿ ಅಂಟಿಸಿ. ನಗಬೇಡಿ, ನಾವೂ ಅದನ್ನೇ ಅಂಟಿಸ್ತೀವಿ. ಆಮೇಲೆ ಒಂದು ಹೆಜ್ಜೆ ನೋಡಿ ತೀರ್ಮಾನಕ್ಕೆ ಬರಬೇಡಿ, ಹತ್ತು ಹೆಜ್ಜೆಯ ಸರಾಸರಿ ತೆಗೀರಿ.

ಇಷ್ಟಾದ ಮೇಲೂ ಸೈಡ್ ವಿಡಿಯೋ ನಿಮ್ಮ ನೋವಿಗೆ ಪೂರ್ತಿ ಉತ್ತರ ಕೊಡಲ್ಲ. ಮಂಡಿಯ ಹೊರಬದಿ ನೋವು ಅಂದರೆ ನಾನು ಮೊದಲು ಹಿಂದಿನಿಂದ ನೋಡ್ತೀನಿ. ಬಲಗಾಲು ಊರಿದಾಗ ಎಡ ಸೊಂಟ ಕೆಳಗೆ ಜಾರುತ್ತಾ? ಪಾದ ನಡುಗೆರೆ ದಾಟಿ ಆ ಕಡೆ ಬೀಳುತ್ತಾ? ಇನ್ನೊಂದು, ವಿಡಿಯೋನ ಓಟದ ಮೊದಲ ಐದು ನಿಮಿಷದಲ್ಲಿ ತೆಗೆಸಬೇಡಿ. ನೋವು ಬರೋದು ಸುಸ್ತಾದಾಗ ತಾನೆ? ಆಗಲೇ ತೆಗೆಸಿ. ದುಡ್ಡು ತಗೊಂಡು ಎರಡು ನಿಮಿಷ ಓಡಿಸಿ ಶೂ ಮಾರೋ ಕಡೆ ಈ ತಾಳ್ಮೆ ಇರಲ್ಲ.

ಕೆರೆಏರಿ_ಓಟ:
ಭಾನುವಾರ ಬಯಲಲ್ಲಿ, ಸುಸ್ತಾದ ಮೇಲೇ ತೆಗೆಸಿದೆ. ಕೇಬಲ್‌ನಲ್ಲಿ ಹಾಕಿಕೊಂಡೆ. ನೆಲದ ಮೇಲಿನ ಸಮಯ ಈಗ 240 ಮಿಲಿಸೆಕೆಂಡಿನ ಆಚೀಚೆ ಸ್ಥಿರವಾಗಿದೆ. ಬಿಂದಿ ಬೆವರಿಗೆ ಉದುರಿತು, ಮೇಲೆ ಟೇಪ್ ಹಾಕಬೇಕಾಯ್ತು. ಮೇಡಂ ಹೇಳಿದ ಹಾಗೇ ಎಡ ಸೊಂಟ ಜಾರುತ್ತೆ, ಸುಸ್ತಾದಷ್ಟೂ ಜಾಸ್ತಿ. ಸೈಡಿನಿಂದ ನೋಡಿದರೆ ಹಿಮ್ಮಡಿ ಸೊಂಟಕ್ಕಿಂತ ತುಂಬಾ ಮುಂದೆ ಬೀಳ್ತಿದೆ. ಕ್ಯಾಡೆನ್ಸ್ (ನಿಮಿಷಕ್ಕೆ ಹಾಕೋ ಹೆಜ್ಜೆ) 162. ಇದನ್ನ 180ಕ್ಕೆ ತರಬೇಕಾ? ಮುಂಗಾಲಲ್ಲಿ ಇಳಿಯೋದು ಕಲೀಲಾ?

ಫ್ರೇಮ್‌ಲೆಕ್ಕ:
180ರ ಕಥೆ ಏನಪ್ಪಾ ಅಂದ್ರೆ, ಕೋಚ್ ಜ್ಯಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆ ಎಣಿಸಿದ್ದರಿಂದ ಬಂದದ್ದು. ಅವರು ಪದಕಕ್ಕೆ ಓಡ್ತಿದ್ದವರು, ಆ ವೇಗದಲ್ಲಿ. ನಿಮ್ಮ ವೇಗಕ್ಕೆ ಅದನ್ನ ತಂದು ಹೊಲಿಯೋಕಾಗಲ್ಲ. ಅದಕ್ಕಿಂತ ಉಪಯೋಗಕ್ಕೆ ಬರೋದು 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕ ಹೈಡರ್‌ಶೈಟ್ ಅವರ ತಂಡ ಕಂಡುಕೊಂಡಿದ್ದು: ವೇಗ ಹಾಗೇ ಇಟ್ಟು ಹೆಜ್ಜೆಯ ಸಂಖ್ಯೆ ಮಾತ್ರ 5ರಿಂದ 10 ಶೇಕಡಾ ಏರಿಸಿದರೆ ಮಂಡಿ, ಸೊಂಟದ ಕೀಲಿನ ಮೇಲಿನ ಹೊರೆ ಇಳಿಯುತ್ತೆ. 162ಕ್ಕೆ 5 ಶೇಕಡಾ ಅಂದರೆ 170. ತಾಳ ಹಾಕೋ ಮೆಟ್ರೊನೋಮ್ ಆ್ಯಪ್‌ನಲ್ಲಿ 170 ಇಟ್ಟು ಓಡಿ. ವೇಗ ಏರದ ಹಾಗೆ ನೋಡ್ಕೊಳ್ಳಿ, ಎಲ್ಲರೂ ಜಾರೋದು ಅಲ್ಲೇ.

ಮಂಡಿಚಿಪ್ಪು:
ಮುಂಗಾಲು ಬೇಡ. ಮಂಡಿಯ ಹೊರೆಯನ್ನ ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ದಾಟಿಸಿದ ಹಾಗಾಗುತ್ತೆ, ನೋವಿನ ಅಡ್ರೆಸ್ ಬದಲಾಗುತ್ತೆ ಅಷ್ಟೇ. ಹೆಜ್ಜೆ ಚಿಕ್ಕದಾದರೆ ಹಿಮ್ಮಡಿ ತಾನಾಗೇ ಹತ್ತಿರ ಬೀಳುತ್ತೆ. ಸೊಂಟ ಜಾರೋದಕ್ಕೆ ಬಲಗಡೆ ಪಿರ್ರೆಯ ಪಕ್ಕದ ಸ್ನಾಯು ಗಟ್ಟಿಯಾಗಬೇಕು: ಪಕ್ಕಕ್ಕೆ ಮಲಗಿ ಕಾಲೆತ್ತೋದು, ಮೆಟ್ಟಿಲ ಮೇಲೆ ಒಂದೇ ಕಾಲಲ್ಲಿ ನಿಧಾನ ಇಳಿಯೋದು. ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಕನ್ನಡಿ ನೋಡ್ಕೊಳ್ಳಿ. ನಡೆಯುವಾಗಲೂ ನೋವು ಬಂದರೆ ಅಥವಾ ಮಂಡಿ ಊದಿದರೆ ವಿಡಿಯೋ ಎಲ್ಲ ಪಕ್ಕಕ್ಕಿಟ್ಟು ಯಾರಿಗಾದ್ರೂ ತೋರಿಸಿ.

ಹಾಸನದ_ಮಗಳು:
ಓಟದ ವಿಷಯದಲ್ಲಿ ಮಧ್ಯೆ ಬಾಯಿ ಹಾಕ್ತಿದ್ದೀನಿ. ಅಮ್ಮನಿಗೆ ಮಂಡಿ ಬದಲಿಸೋ ಆಪರೇಷನ್ ಆಗಿದೆ. ಐಫೋನ್‌ನ ಹೆಲ್ತ್ ಆ್ಯಪ್ ನಡಿಗೆಯ ಎಡಬಲ ವ್ಯತ್ಯಾಸ ತೋರಿಸುತ್ತಂತೆ, ಅಮ್ಮನದರಲ್ಲಿ ಪೂರ್ತಿ ಖಾಲಿ. ಫೋನ್ ಹೊಸದೇ.

ಫ್ರೇಮ್‌ಲೆಕ್ಕ:
ಅಮ್ಮ ಸೀರೆ ಉಡ್ತಾರಾ? ಫೋನ್ ಎಲ್ಲಿರುತ್ತೆ?

ಹಾಸನದ_ಮಗಳು:
ಟಿವಿ ಪಕ್ಕ. ಹೊರಗೆ ಹೋದರೆ ವ್ಯಾನಿಟಿ ಬ್ಯಾಗಲ್ಲಿ.

ಫ್ರೇಮ್‌ಲೆಕ್ಕ:
ಅದೇ ಕಾರಣ ಮೇಡಂ. ಫೋನ್ ಸೊಂಟದ ಹತ್ತಿರ ಮೈಗೆ ಅಂಟಿಕೊಂಡಿರಬೇಕು. ಪ್ಯಾಂಟಿನ ಜೇಬನ್ನ ಮನಸ್ಸಲ್ಲಿಟ್ಟು ಮಾಡಿದ್ದು ಅದು, ಸೀರೆ ಉಡೋರ ಯೋಚನೆ ಯಾರೂ ಮಾಡಿಲ್ಲ. ಓಟಗಾರರು ಕಟ್ಟೋ ತೆಳು ಪೌಚ್ ಸಿಗುತ್ತೆ, ಸೆರಗಿನ ಒಳಗೆ ಕಾಣಲ್ಲ. ಆ್ಯಪ್‌ನಲ್ಲಿ ಅಮ್ಮನ ಎತ್ತರ ಸರಿಯಾಗಿ ತುಂಬಿ, ಸಮತಟ್ಟು ಜಾಗದಲ್ಲಿ ನಡೆಸಿ.

ಮಂಡಿಚಿಪ್ಪು:
ಅದರಲ್ಲೇ ಎರಡೂ ಪಾದ ಒಟ್ಟಿಗೆ ನೆಲದಲ್ಲಿರೋ ಸಮಯವೂ ಬರುತ್ತೆ, ಸಾಮಾನ್ಯವಾಗಿ 20ರಿಂದ 40 ಶೇಕಡಾ. ಬೀಳೋ ಭಯ ಇದ್ದವರಿಗೆ ಜಾಸ್ತಿ. ಒಂದು ದಿನದ ಅಂಕಿ ನೋಡಿ ಅಮ್ಮನಿಗೆ ಹೇಳೋಕೆ ಹೋಗಬೇಡಿ, ವಾರವಾರಕ್ಕೆ ಇಳೀತಿದೆಯಾ ನೋಡಿ. ಅವರು ಊರುಗೋಲು ಬಿಟ್ಟಿದ್ದಾರಾ ಇನ್ನೂ ಹಿಡ್ಕೊಂಡೇ ನಡೀತಾರಾ ಅಂತ ಬರೀರಿ, ಆಮೇಲೆ ಮುಂದಿನದು ಹೇಳ್ತೀನಿ.