ಡೇರಿ ಪಾಸ್‌ಬುಕ್ ಯಾರ ಹೆಸರಲ್ಲಿದೆ, ಮಾವ? (ಮನೆಯವರ ವಾಟ್ಸಾಪ್ ಗುಂಪಿನ ಮಾತುಕತೆ)

ಸುರೇಶ್ ಮಾವ: (ಫಾರ್ವರ್ಡ್) ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆ ಪ್ರಕಾರ ದೇಶದಲ್ಲಿ 15 ವರ್ಷ ತುಂಬಿದ ಹೆಂಗಸರಲ್ಲಿ ದುಡಿಯುವವರು, ಕೆಲಸ ಹುಡುಕುವವರು ಸೇರಿ 2017-18ರಲ್ಲಿ ನೂರಕ್ಕೆ 23.3 ಇದ್ದರು. 2023-24ರಲ್ಲಿ 41.7!

ಸುರೇಶ್ ಮಾವ: ನೋಡಿದಿರಾ? ಕಾಲ ಬದಲಾಗಿದೆ. ಇನ್ನೂ ಅಸಮಾನತೆ ಅಂತ ಕೂತರೆ ಹೇಗೆ?

ಗೀತಾ: ಅಂಕಿ ಸರಿಯಾಗೇ ಇದೆ ಮಾವ. ಆದರೆ ಮನೆಯ ಹೊಲದಲ್ಲಿ, ಅಂಗಡಿಯಲ್ಲಿ ಸಂಬಳವಿಲ್ಲದೆ ಗೇಯುವವರನ್ನೂ ಆ ಸಮೀಕ್ಷೆಯಲ್ಲಿ ದುಡಿಯುವವರು ಅಂತಲೇ ಬರೆದುಕೊಳ್ಳುತ್ತಾರೆ. ದುಡಿಯುವ ಹೆಂಗಸರಲ್ಲಿ ಮೂರಕ್ಕೆ ಒಬ್ಬರಿಗಿಂತ ಜಾಸ್ತಿ ಇಂಥವರೇ. ನೀವು ಹೇಳಿದ 41.7 ಇಡೀ ದೇಶದ ಲೆಕ್ಕ; ಹಳ್ಳಿಗಳಲ್ಲಿ ಅದು 47.6 ಆಗಿದೆ, ಪಟ್ಟಣಗಳಲ್ಲಿ ಬರೀ 28. ಲೆಕ್ಕಕ್ಕೆ ತಗೊಂಡಿದ್ದು ಒಳ್ಳೆಯದೇ. ಅವರ ಕೈಗೆ ದುಡ್ಡು ಬಂತಾ ಅನ್ನುವುದು ನನ್ನ ಪ್ರಶ್ನೆ.

ಪ್ರವೀಣ: ಮನೆ ದುಡ್ಡು ಮನೆಗೇ ತಾನೇ ಅಕ್ಕ? ಅದರಲ್ಲಿ ನಿಂದು ನಂದು ಯಾಕೆ?

ಗೀತಾ: ನಿಮ್ಮ ಮನೆಯನ್ನೇ ನೋಡು ಪ್ರವೀಣ. ಅತ್ತೆ ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು, ಕ್ಯಾನು ಹಿಡಿದು ಡೇರಿಗೆ ಹೋಗುತ್ತಾರೆ. ಸಂಜೆ ಮತ್ತೆ ಅದೇ. ಫ್ಯಾಟ್ ಎಷ್ಟು ಬಂತು ಅಂತ ಚೀಟಿ ಈಸಿಕೊಳ್ಳುವುದೂ ಅವರೇ. ಆದರೆ ಡೇರಿ ಸಂಘದ ಸದಸ್ಯರು ಮಾವ. ಬಟವಾಡೆ ಮಾವನ ಖಾತೆಗೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಅಲ್ಲಿಗೇ. ಹೋದ ಸಲ ಬಂದಾಗ, ಕನ್ನಡಕ ಬದಲಾಯಿಸಬೇಕು, ನಿಮ್ಮ ಮಾವನನ್ನು ಕೇಳಬೇಕು ಅಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಸುರೇಶ್ ಮಾವ: ನಾನು ಯಾವತ್ತಾದರೂ ಇಲ್ಲ ಅಂದಿದ್ದೀನಾ? ಎಲ್ಲರ ಮುಂದೆ ಇದೆಲ್ಲ ಬೇಕಿತ್ತಾ?

ಲಲಿತಾ ಚಿಕ್ಕಮ್ಮ: ಇಲ್ಲ ಅಂದಿಲ್ಲ ಅಣ್ಣ, ನಮಗೆ ಗೊತ್ತು. ಆದರೂ ಕೇಳಿ ಈಸಿಕೊಳ್ಳುವುದು ಬೇರೆ, ತನ್ನದು ಅಂತ ಇರುವುದು ಬೇರೆ. ನಾನು ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದೆ. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡಿನಲ್ಲಿ ಬರೆಯುತ್ತಿದ್ದರು. ಟಾಯ್ಲೆಟ್‌ಗೆ ಹೋದರೆ ಪೀಸ್ ಕಮ್ಮಿಯಾಗುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ. ಹೊಲಿಯುವವರೆಲ್ಲ ಹೆಂಗಸರು, ಬೈಯುವ ಸೂಪರ್‌ವೈಸರ್ ಗಂಡಸು. ಅಷ್ಟೆಲ್ಲ ಇದ್ದರೂ ಪಿಎಫ್ ನನ್ನ ಹೆಸರಲ್ಲಿತ್ತು. ಕಂಪನಿ ಕಟ್ಟಿದ ಪಾಲು 58 ವರ್ಷ ಆಗುವವರೆಗೆ ಸಿಗಲ್ಲ ಅಂತ ಗೊತ್ತಾದಾಗ, 2016ರ ಏಪ್ರಿಲ್‌ನಲ್ಲಿ, ಮಿಷನ್ ಬಿಟ್ಟು ಸಾವಿರಾರು ಜನ ರಸ್ತೆಗೆ ಇಳಿದೆವು. ಲೀಡರ್ ಅಂತ ಯಾರೂ ಇರಲಿಲ್ಲ. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಮಗಳ ನರ್ಸಿಂಗ್ ಫೀಸು ಆ ದುಡ್ಡಿನಲ್ಲೇ ಕಟ್ಟಿದೆ. ಯಾರನ್ನೂ ಕೇಳಬೇಕಾಗಲಿಲ್ಲ.

ಪ್ರವೀಣ: ಇದು ಗೊತ್ತೇ ಇರಲಿಲ್ಲ ಅತ್ತೆ. ಸರಿ, ಅಮ್ಮನಿಗೆ ಈಗ ಏನು ಮಾಡಬೇಕು ಅಂತೀಯಾ ಅಕ್ಕ?

ಗೀತಾ: ಡೇರಿಯಲ್ಲಿ ಅತ್ತೆ ಹೆಸರಲ್ಲಿ ಷೇರು ಮಾಡಿಸು. ಬಟವಾಡೆ ಅವರ ಖಾತೆಗೇ ಬರಲಿ. ಸದಸ್ಯರಾದರೆ ಸಂಘದ ಚುನಾವಣೆಯಲ್ಲಿ ಓಟು ಹಾಕಬಹುದು, ನಿಲ್ಲಲೂಬಹುದು. ಹೆಂಗಸರೇ ನಡೆಸುವ ಹಾಲಿನ ಸೊಸೈಟಿಗಳು ನಮ್ಮ ರಾಜ್ಯದಲ್ಲಿ ಎಷ್ಟೋ ಇವೆ.

ಸುರೇಶ್ ಮಾವ: ಈಗ ಎಲ್ಲ ಸರಿಯಾಗೇ ನಡೆಯುತ್ತಿದೆಯಲ್ಲ. ಸುಮ್ನೆ ಯಾಕೆ ಓಡಾಟ?

ಜಯತ್ತೆ: ನಾನೂ ಎಲ್ಲ ಓದುತ್ತಾ ಇದ್ದೀನಿ. ಆಧಾರ್ ಸಾಕಾ ಗೀತಾ, ಫೋಟೋನೂ ಬೇಕಾ? ಸಂಜೆ ಹಾಲು ಹಾಕುವಾಗ ಸೆಕ್ರೆಟರಿಯನ್ನು ನಾನೇ ಕೇಳುತ್ತೇನೆ. ಗೌರಿ ನಿನ್ನೆ ಕರು ಹಾಕಿದ್ದಾಳೆ, ಗಿಣ್ಣು ಬೇಕಾದವರು ಹೇಳಿ.