‘ಸಣ್ಣ ಆಗಿದ್ದೀಯ, ಚೆನ್ನಾಗಿ ಕಾಣ್ತೀಯ’: ಈ ಹೊಗಳಿಕೆಯನ್ನೂ ಬಿಡಬೇಕಾ?

ನೀಲಿಕೊಡೆ:
ಕಳೆದ ವರ್ಷ ನನಗೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ತೊಂದರೆ ಶುರುವಾಯಿತು. ಏನೂ ಮಾಡದೆ ತೂಕ ಇಳಿಯುತ್ತಾ ಹೋಯಿತು. ಎದೆ ಡವಡವ, ಕೈ ನಡುಕ, ರಾತ್ರಿಯೆಲ್ಲಾ ಎಚ್ಚರ. ಮೆಟ್ಟಿಲು ಹತ್ತಿದರೆ ಏದುಸಿರು. ವಿಚಿತ್ರ ಏನಂದ್ರೆ, ನಾನು ಜೀವನದಲ್ಲೇ ಅತಿ ಹೆಚ್ಚು ಹೊಗಳಿಸಿಕೊಂಡಿದ್ದು ಆ ತಿಂಗಳುಗಳಲ್ಲಿ. "ಎಷ್ಟು ಸಣ್ಣ ಆಗಿದ್ದೀಯ! ಏನ್ ಮಾಡ್ತಿದ್ದೀಯ, ನಮಗೂ ಹೇಳು" ಅಂದವರೇ ಎಲ್ಲ. ಔಷಧಿ ಶುರುವಾಗಿ ಮೈ ಮತ್ತೆ ತುಂಬಿಕೊಂಡಿತು. ಹೊಗಳಿಕೆ ನಿಂತಿತು. ಈಗ ಚೆನ್ನಾಗಿ ನಿದ್ದೆ ಬರುತ್ತದೆ, ಕೆಲಸವೂ ಸಾಗುತ್ತಿದೆ. ಆದರೂ ಯಾರಾದರೂ ಫೋಟೋ ತೆಗೆಯಲು ಬಂದರೆ ಹಿಂದಿನ ಸಾಲಿಗೆ ಸರಿಯುತ್ತೇನೆ. ಕಾಯಿಲೆಯಲ್ಲಿದ್ದಾಗ ಮುಂದಿನ ಸಾಲಲ್ಲಿ ನಿಲ್ಲುತ್ತಿದ್ದವಳು!

"ದಪ್ಪ ಆಗಿದ್ದೀಯ" ಅನ್ನಬಾರದು ಅಂತ ಈಗ ತುಂಬಾ ಜನ ಒಪ್ಪುತ್ತಾರೆ. ನನ್ನ ವಾದ ಇನ್ನೂ ಒಂದು ಹೆಜ್ಜೆ ಮುಂದಿದೆ. "ಸಣ್ಣ ಆಗಿದ್ದೀಯ" ಅನ್ನುವ ಹೊಗಳಿಕೆಯನ್ನೂ ಬಿಡಬೇಕು. ಏನಂತೀರಿ?

ಗಟ್ಟಿಮಾತು:
ನಿಮ್ಮ ವಿಷಯ ಬೇರೆ ಮೇಡಂ, ಅದು ಕಾಯಿಲೆ. ನನ್ನ ಗೆಳತಿ ಬೆಳಗ್ಗೆ ಐದಕ್ಕೆ ಎದ್ದು ಓಡಿ, ಬೆವರು ಸುರಿಸಿ ತೂಕ ಇಳಿಸಿದ್ದಾಳೆ. ಅವಳಿಗೆ "ಭೇಷ್" ಅನ್ನಬಾರದಾ? ಪರೀಕ್ಷೆ ಪಾಸಾದರೆ ಹೊಗಳುತ್ತೇವೆ, ಬಡ್ತಿ ಸಿಕ್ಕರೆ ಹೊಗಳುತ್ತೇವೆ. ಇದೊಂದನ್ನು ಮಾತ್ರ ಬಾಯಿ ಮುಚ್ಚಿಕೊಂಡು ನೋಡಬೇಕಾ? ಹೀಗೇ ಹೋದರೆ ಇನ್ನು ಹವಾಮಾನದ ಬಗ್ಗೆ ಮಾತ್ರ ಮಾತಾಡಬೇಕಾಗುತ್ತದೆ.

ನೀಲಿಕೊಡೆ:
ಅವಳು ಓಡಿದ್ದನ್ನು ಹೊಗಳಿ. ಬೆಳಗ್ಗೆ ಐದಕ್ಕೆ ಏಳುವುದನ್ನು ಹೊಗಳಿ. ಸೊಂಟದ ಸುತ್ತಳತೆಯನ್ನು ಯಾಕೆ? ನಾಳೆ ಅವಳಿಗೆ ಮಂಡಿನೋವು ಬಂದು ಓಟ ನಿಂತು ತೂಕ ವಾಪಸ್ ಬಂದರೆ ನೀವು ಏನೂ ಹೇಳಲ್ಲ, ಗೊತ್ತು. ಆ ಸುಮ್ಮನಿರುವುದೇ ಅವಳಿಗೆ ಜೋರಾಗಿ ಕೇಳಿಸುತ್ತದೆ.

ಲೆಕ್ಕದ ಟೀಚರ್:
ಹೊಗಳಿಕೆಯಾದರೂ ಬೈಗುಳವಾದರೂ ಅಳತೆಗೋಲು ಒಂದೇ, ಅಲ್ವಾ? ಎರಡೂ "ನಾವು ನಿನ್ನ ಮೈಯನ್ನು ಗಮನಿಸುತ್ತಿದ್ದೇವೆ" ಅಂತ ತಿಳಿಸುತ್ತವೆ. ಹೀಗೆ ಗಮನಕ್ಕೆ ಒಳಗಾದವಳು ತಾನೂ ತನ್ನನ್ನು ಹೊರಗಿನಿಂದ ನೋಡಲು ಕಲಿಯುತ್ತಾಳೆ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ ಅನ್ನುವ ಮನೋವಿಜ್ಞಾನಿಗಳು 1997ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಬರೆದರು. ಮರುವರ್ಷ ಒಂದು ಪ್ರಯೋಗ ಪ್ರಕಟವಾಯಿತು. ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕನ್ನಡಿ ಇರುವ ಕೋಣೆಗೆ ಕಳಿಸಿದರು. ಕೆಲವರಿಗೆ ಸ್ವೆಟರ್, ಕೆಲವರಿಗೆ ಈಜುಡುಗೆ. ಅದನ್ನು ಹಾಕಿಕೊಂಡೇ ಒಂದು ಗಣಿತದ ಪರೀಕ್ಷೆ ಬರೆಯಬೇಕು. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಆದರೂ ಈಜುಡುಗೆ ಹಾಕಿದ್ದ ಹುಡುಗಿಯರ ಅಂಕ ಸ್ವೆಟರ್ ಹಾಕಿದ್ದವರಿಗಿಂತ ಕಡಿಮೆ ಬಂತು. ಹುಡುಗರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ನನ್ನ ತರಗತಿಯಲ್ಲಿ ಇದು ದಿನಾ ಕಾಣುತ್ತದೆ. ಬೋರ್ಡಿನ ಹತ್ತಿರ ಬಾ ಅಂದರೆ ಲೆಕ್ಕ ಚೆನ್ನಾಗಿ ಬರುವ ಹುಡುಗಿಯೇ ಮೊದಲು ಅಂಗಿ ಸರಿಮಾಡಿಕೊಳ್ಳುತ್ತಾಳೆ, ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾಳೆ, ಆಮೇಲೆ ಸೀಮೆಸುಣ್ಣ ಹಿಡಿಯುತ್ತಾಳೆ. ಅರ್ಧ ಗಮನ ಅಲ್ಲೇ ಖರ್ಚಾಯಿತು. ಆತ್ಮವಿಶ್ವಾಸ ಇಲ್ಲ ಅಂತ ಸುಮ್ನೆ ಹುಡುಗಿಯರನ್ನು ದೂರುತ್ತೇವೆ.

ಸುಮ್ನೆ ಓದುವವ:
ಟೀಚರ್, ಆ ಕಥೆಯ ಮುಂದಿನ ಭಾಗವನ್ನೂ ಹೇಳಿ. 2004ರಲ್ಲಿ ಮಿಶೆಲ್ ಹೆಬ್ಲ್ ಮತ್ತು ಸಂಗಡಿಗರು ಅದೇ ಥರದ ಪ್ರಯೋಗ ಮಾಡಿದರು. ಈ ಸಲ ಗಂಡಸರಿಗೆ ಮೈಗಂಟುವ ಸ್ಪೀಡೋ ಈಜುಡುಗೆ ಕೊಟ್ಟರು. ಅವರ ಅಂಕವೂ ಇಳಿಯಿತು. ಹಾಗಾದರೆ ಇದು ಹೆಂಗಸರ ಸಮಸ್ಯೆ ಅಂತ ಯಾಕೆ ಹೇಳಬೇಕು? ಬೋಳುತಲೆ, ಕುಳ್ಳಗಿರುವುದು, ತೋಳಿನಲ್ಲಿ ಬಲ ಕಾಣದಿರುವುದು, ನಾವೂ ಅನುಭವಿಸುತ್ತೇವೆ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹೆಂಗಸರ ಮೈ ಬಗ್ಗೆ ಜಾಸ್ತಿ ಮಾತಾಡುವವರು ಹೆಂಗಸರೇ.

ಲೆಕ್ಕದ ಟೀಚರ್:
ಪ್ರಯೋಗದ ವಿಷಯ ನೀವು ಹೇಳಿದ್ದು ಸರಿ. ಆದರೆ ಅದು ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ದೋಷ ಹೆಣ್ಣಿನ ಮನಸ್ಸಿನಲ್ಲಿ ಇಲ್ಲ, ನೋಡಿಸಿಕೊಳ್ಳುವ ಸ್ಥಿತಿಯಲ್ಲಿದೆ. ಗಂಡಸಿಗೆ ಆ ಸ್ಥಿತಿ ಬರಬೇಕಾದರೆ ಸ್ಪೀಡೋ ಹಾಕಬೇಕಾಯಿತು. ನಮಗೆ ಮೈತುಂಬ ಬಟ್ಟೆ ಇದ್ದರೂ ಸಾಕು.

ಎರಡು ಜಡೆ:
ಟೀಚರ್‌ಗೆ ಒಂದು ಚಪ್ಪಾಳೆ.

ಅಳತೆಟೇಪು:
ನಾನು ಬಟ್ಟೆ ಹೊಲಿಯುವವಳು. ಹೆಂಗಸರೇ ಜಾಸ್ತಿ ಮಾತಾಡುತ್ತಾರೆ ಅನ್ನುವುದಕ್ಕೆ ನನ್ನ ಅನುಭವ ಸ್ವಲ್ಪ ಬೇರೆ. ನನ್ನ ಹತ್ತಿರ ಬರುವವರು ಬೇರೆಯವರ ಮೈ ಬಗ್ಗೆ ಅಷ್ಟು ಮಾತಾಡಲ್ಲ, ತಮ್ಮ ಮೈ ಬಗ್ಗೆ ಮಾತಾಡುತ್ತಾರೆ. ಟೇಪು ಸುತ್ತುವ ಮೊದಲೇ ಶುರು. "ಅಯ್ಯೋ, ಈಗ ಸ್ವಲ್ಪ ದಪ್ಪ ಆಗಿದ್ದೀನಿ, ಇಳಿಸ್ತೀನಿ, ಟೈಟಾಗೇ ಹೊಲೀರಿ." ನನ್ನ ಹತ್ತಿರ ಯಾಕಮ್ಮ ಕ್ಷಮೆ ಕೇಳುತ್ತೀಯ? ನಾನು ಅಳತೆ ತೆಗೆಯುವವಳು, ಜಡ್ಜ್ ಅಲ್ಲ. ಇಳಿಸುತ್ತೇನೆ ಅಂದವರ ರವಿಕೆಗೆ ಒಳಗೆ ಬಟ್ಟೆ ಜಾಸ್ತಿ ಬಿಟ್ಟೇ ಹೊಲಿಯುತ್ತೇನೆ, ಹೇಳಲು ಹೋಗಲ್ಲ.

ರೆಡಿಮೇಡ್ ಸೈಜಿನ ಕಥೆ ಗೊತ್ತಾದರೆ ಅರ್ಧ ಸಂಕಟ ಕಮ್ಮಿ ಆಗುತ್ತದೆ. ಅಮೆರಿಕದ ಕೃಷಿ ಇಲಾಖೆ 1939 ಮತ್ತು 1940ರಲ್ಲಿ ಸುಮಾರು 15,000 ಹೆಂಗಸರ ಅಳತೆ ತೆಗೆಸಿತು. ಒಬ್ಬೊಬ್ಬರಿಗೆ 59 ಅಳತೆ. ಲೆಕ್ಕಕ್ಕೆ ಹಿಡಿದದ್ದು ಬಿಳಿಯರನ್ನು ಮಾತ್ರ. ಅದರ ಮೇಲೆ 1958ರಲ್ಲಿ ಸೈಜಿನ ಒಂದು ಪಟ್ಟಿ ಮಾಡಿದರು. ಅದು ನಿಜವಾದ ಮೈಗಳಿಗೆ ಹೊಂದಲಿಲ್ಲ. 1983ರಲ್ಲಿ ಅದನ್ನೂ ಕೈಬಿಟ್ಟರು. ಆಮೇಲೆ ಕಂಪನಿಗಳು ತಮಗೆ ಬೇಕಾದ ಹಾಗೆ ನಂಬರ್ ಹಾಕಿಕೊಂಡವು. ಗಿರಾಕಿ ಖುಷಿಯಾಗಲಿ ಅಂತ ದೊಡ್ಡ ಬಟ್ಟೆಗೆ ಚಿಕ್ಕ ನಂಬರ್ ಹೊಲಿಯುವುದೂ ನಡೆಯಿತು. ಟ್ರಯಲ್ ರೂಮಿನಲ್ಲಿ ಅಳುವವರು ಇಂಥ ಚೀಟಿ ನೋಡಿ ಅಳುವುದು.

ಪರದೆ ಹಿಂದೆ:
ಎಲ್ಲರೂ ಮನೆಯವರನ್ನು, ಗೆಳತಿಯರನ್ನು ಹಿಡಿದುಕೊಂಡಿದ್ದೀರಿ. ಬೇರು ಇರುವುದು ಪರದೆಯಲ್ಲಿ. ಫಿಜಿ ದ್ವೀಪದ ಉದಾಹರಣೆ ನೋಡಿ. ಅಲ್ಲಿ ತುಂಬಿದ ಮೈಯೇ ಚೆಂದ ಅನ್ನುವ ಭಾವನೆ ಇತ್ತು. 1995ರಲ್ಲಿ ನಡ್ರೋಗಾ ಪ್ರದೇಶಕ್ಕೆ ಟೀವಿ ಬಂತು. ಆನ್ ಬೆಕರ್ ಅನ್ನುವ ಸಂಶೋಧಕಿ ಆಗ ತಾನೇ ಶಾಲಾ ಹುಡುಗಿಯರನ್ನು ವಿಚಾರಿಸಿದ್ದರು. 1998ರಲ್ಲಿ ಅದೇ ವಯಸ್ಸಿನ ಹುಡುಗಿಯರನ್ನು ಮತ್ತೆ ವಿಚಾರಿಸಿದರು. ಪ್ರಶ್ನಾವಳಿಯಲ್ಲಿ, ಊಟದ ಬಗೆಗಿನ ವರ್ತನೆ ಹಾದಿ ತಪ್ಪಿದೆ ಅನ್ನಿಸುವಂಥ ಅಂಕ ಪಡೆದವರು 12.7 ಶೇಕಡಾದಿಂದ 29.2ಕ್ಕೆ ಏರಿದ್ದರು. ತೂಕ ಇಳಿಸಲು ಬೇಕಂತಲೇ ವಾಂತಿ ಮಾಡುವವರು ಮೊದಲು ಒಬ್ಬರೂ ಇರಲಿಲ್ಲ. ಆಮೇಲೆ 11.3 ಶೇಕಡಾ. ಬರೀ ಮೂರು ವರ್ಷ!

ಈಗಂತೂ ಫೋನು. 2021ರಲ್ಲಿ ಸೋರಿಕೆಯಾದ ಫೇಸ್‌ಬುಕ್‌ನ ಒಳಗಿನ ದಾಖಲೆಗಳಲ್ಲಿ, ಹದಿಹರೆಯದ ಹುಡುಗಿಯರಲ್ಲಿ ಮೂವರಿಗೊಬ್ಬಳ ದೇಹದ ಬಗೆಗಿನ ಕೊರಗನ್ನು ಇನ್‌ಸ್ಟಾಗ್ರಾಂ ಹೆಚ್ಚಿಸುತ್ತದೆ ಅಂತ ಅವರೇ ಬರೆದುಕೊಂಡಿದ್ದರು. ಅದರ ಅರ್ಥ ಹಾಗಲ್ಲ ಅಂತ ಕಂಪನಿ ಆಮೇಲೆ ವಾದಿಸಿತು ಬಿಡಿ. ತಿದ್ದಿದ ಫೋಟೋಗಳ ಮೇಲೆ ಕಾನೂನು ಬರಬೇಕು. ಫ್ರಾನ್ಸ್‌ನಲ್ಲಿ 2017ರಿಂದ ರೂಪದರ್ಶಿಯ ಮೈ ತಿದ್ದಿದ ಜಾಹೀರಾತಿಗೆ "ತಿದ್ದಿದ ಚಿತ್ರ" ಅಂತ ಹಾಕಲೇಬೇಕು. ನಾರ್ವೆ ಕೂಡ 2022ರಲ್ಲಿ ಅಂಥ ನಿಯಮ ಜಾರಿಗೆ ತಂದಿತು.

ಅರ್ಧಚಂದ್ರ:
"ತಿದ್ದಿದ ಚಿತ್ರ" ಅನ್ನುವ ಆ ಚೀಟಿಯಿಂದ ದೊಡ್ಡ ಉಪಯೋಗ ಆಗಿಲ್ಲ. ಚೀಟಿ ಇರುವ ಚಿತ್ರ, ಇಲ್ಲದ ಚಿತ್ರ ಎರಡನ್ನೂ ತೋರಿಸಿ ಬೇಕಾದಷ್ಟು ಸಂಶೋಧಕರು ಪರೀಕ್ಷಿಸಿದ್ದಾರೆ. ನೋಡಿದವರ ಬೇಸರ ಹೆಚ್ಚುಕಮ್ಮಿ ಅಷ್ಟೇ ಇತ್ತು. ಸುಳ್ಳು ಅಂತ ಗೊತ್ತಿದ್ದೂ ಮನಸ್ಸು ಹೋಲಿಸಿಕೊಳ್ಳುತ್ತದೆ.

ಫಿಜಿಯ ಮುಂದಿನ ಅಧ್ಯಯನವನ್ನೂ ಓದಿ. 2011ರಲ್ಲಿ ಬೆಕರ್ ತಂಡವೇ ಪ್ರಕಟಿಸಿದ್ದು. ಹುಡುಗಿ ತಾನು ಎಷ್ಟು ಟೀವಿ ನೋಡುತ್ತಾಳೆ ಅನ್ನುವುದಷ್ಟೇ ಅಲ್ಲ, ಅವಳ ಗೆಳತಿಯರ ಗುಂಪು ಎಷ್ಟು ನೋಡುತ್ತದೆ ಅನ್ನುವುದಕ್ಕೂ ತೊಂದರೆಗೂ ನಂಟಿತ್ತು. ಪರದೆಯ ಮಾತು ಪಕ್ಕದಲ್ಲಿ ಕೂತವಳ ಬಾಯಿಂದ ಬರುತ್ತದೆ. ಅದಕ್ಕೇ ನೀಲಿಕೊಡೆ ಅವರ ಪ್ರಶ್ನೆ ಸಣ್ಣದಲ್ಲ.

ಖಾಲಿಜೇಬು:
"ನಿಮ್ಮನ್ನು ಇದ್ದ ಹಾಗೇ ಪ್ರೀತಿಸಿ" ಅಂತ 2004ರಲ್ಲಿ ಡವ್ ಸೋಪಿನ ಜಾಹೀರಾತು ಶುರುವಾಯಿತು. ಡವ್ ಮಾರುವ ಅದೇ ಯೂನಿಲಿವರ್ ಕಂಪನಿ ಇನ್ನೊಂದು ಕೈಯಲ್ಲಿ ಫೇರ್ ಅಂಡ್ ಲವ್ಲಿ ಮಾರುತ್ತಿತ್ತು. 2020ರಲ್ಲಿ ಅದರ ಹೆಸರು ಬದಲಾಯಿತು, ಟ್ಯೂಬ್ ಅಂಗಡಿಯಲ್ಲೇ ಇದೆ. ಕೊರಗಿಗೂ ಗಿರಾಕಿ, ಸಮಾಧಾನಕ್ಕೂ ಗಿರಾಕಿ.

ದಾದಿ:
ನಾನು ನರ್ಸ್. ಒಂದು ಎಚ್ಚರಿಕೆ ಹೇಳಲೇಬೇಕು. ಮೈ ಬಗ್ಗೆ ಯಾರೂ ಏನೂ ಮಾತಾಡಬಾರದು ಅಂತ ಆದರೆ ನಮಗೆ ಕಷ್ಟ. ತೂಕಕ್ಕೂ ಸಕ್ಕರೆ ಕಾಯಿಲೆ, ಬಿಪಿ, ಮಂಡಿ ಸವೆತ ಇವಕ್ಕೂ ಸಂಬಂಧ ಇದೆ. ಅದನ್ನು ಮುಚ್ಚಿಡುವುದು ದಯೆ ಅಲ್ಲ.

ಆದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಅದನ್ನು ಹಿಡಿದುಕೊಂಡು ಹೆದರಿಸುವವರಿಗೂ ಒಂದು ಮಾತು. ಆ ಲೆಕ್ಕವನ್ನು 1830ರ ದಶಕದಲ್ಲಿ ಮಾಡಿದವರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ವೈದ್ಯರಲ್ಲ, ಖಗೋಳ ಮತ್ತು ಅಂಕಿಅಂಶ ಬಲ್ಲವರು. ಜನಸಮೂಹದ ಸರಾಸರಿ ಹುಡುಕುತ್ತಿದ್ದರು. 1972ರಲ್ಲಿ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರು ಕೊಟ್ಟರು. ಅದು ಸ್ನಾಯು ಎಷ್ಟು, ಕೊಬ್ಬು ಎಷ್ಟು, ಎಲ್ಲಿದೆ ಅಂತ ಹೇಳುವುದಿಲ್ಲ. ಅಂದಾಜಿಗೆ ಇರಲಿ, ತೀರ್ಪಿಗೆ ಬೇಡ.

ನಾಚಿಕೆ ಹುಟ್ಟಿಸಿದರೆ ತೂಕ ಇಳಿಯುತ್ತದೆ ಅನ್ನುವವರನ್ನು ಆಸ್ಪತ್ರೆಯಲ್ಲೂ ನೋಡಿದ್ದೇನೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫಲ ತಲೆಕೆಳಗಾಗಿತ್ತು. ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ಮುಂದಿನ ನಾಲ್ಕು ವರ್ಷಗಳಲ್ಲಿ ಬೊಜ್ಜಿಗೆ ಜಾರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು. ಅವಮಾನ ಆದವರು ತೂಕದ ಯಂತ್ರಕ್ಕೆ ಹೆದರಿ ಆಸ್ಪತ್ರೆಗೇ ಬರುವುದಿಲ್ಲ. ಗಂಟು ಕಾಣಿಸಿಕೊಂಡರೂ ಬರುವುದಿಲ್ಲ. ನನಗೆ ಭಯ ಅದು.

ಗಟ್ಟಿಮಾತು:
ದಾದಿ ಅವರೇ, ಹಾಗಾದರೆ ನೀವು ಹೇಗೆ ಹೇಳುತ್ತೀರಿ?

ದಾದಿ:
ಮೊದಲು ಕೇಳುತ್ತೇನೆ. "ತೂಕದ ವಿಷಯ ಇವತ್ತು ಮಾತಾಡೋಣವಾ?" ಹೂಂ ಅಂದರೆ ಸಕ್ಕರೆ ಎಷ್ಟು, ನಿದ್ದೆ ಹೇಗೆ, ನಡೆದರೆ ಎಲ್ಲಿ ನೋವು, ಇಷ್ಟರಿಂದ ಶುರು ಮಾಡುತ್ತೇನೆ. ಬಾಗಿಲು ತೆಗೆದು ಎಲ್ಲರಿಗೂ ಕೇಳುವ ಹಾಗೆ ಕಿಲೋ ಕೂಗುವುದಿಲ್ಲ.

ಹನ್ನೆರಡರ ಅಮ್ಮ:
ನನಗೆ ಹನ್ನೆರಡು ವರ್ಷದ ಮಗಳಿದ್ದಾಳೆ. ಅವಳಿಗೆ ನಾನು ಯಾವತ್ತೂ ದಪ್ಪ, ಸಣ್ಣ ಅಂದವಳಲ್ಲ. ಆದರೂ ಮೊನ್ನೆ ಅವಳು ತನ್ನ ತೊಡೆ ಹಿಂಡಿ "ಇದು ಯಾವಾಗ ಹೋಗುತ್ತೆ?" ಅಂದಳು. ಏನು ಮಾಡಲಿ? "ನೀನು ಚೆಂದ ಇದ್ದೀಯ" ಅಂದರೆ "ನೀನು ನನ್ನಮ್ಮ, ಹಾಗೇ ಹೇಳ್ತೀಯ" ಅನ್ನುತ್ತಾಳೆ.

ಅರ್ಧಚಂದ್ರ:
"ಚೆಂದ ಇದ್ದೀಯ" ಅಂದಾಗಲೂ ಮಾತು ಚೆಂದದ ಸುತ್ತಲೇ ತಿರುಗುತ್ತದೆ. ಎರಿಕ್ ಸ್ಟೈಸ್ ಅನ್ನುವ ಮನೋವಿಜ್ಞಾನಿ ರೂಪಿಸಿದ ಒಂದು ಕಾರ್ಯಕ್ರಮ ಇದೆ, ಬಾಡಿ ಪ್ರಾಜೆಕ್ಟ್ ಅಂತ. ಅಲ್ಲಿ ದೊಡ್ಡವರು ಪಾಠ ಮಾಡುವುದಿಲ್ಲ. ತೆಳ್ಳಗಿದ್ದರೇ ಚೆಂದ ಅನ್ನುವ ಮಾತಿನ ವಿರುದ್ಧ ಹುಡುಗಿಯರೇ ವಾದ ಮಾಡಬೇಕು, ಬರೆಯಬೇಕು, ಆಡಿ ತೋರಿಸಬೇಕು. ತನ್ನ ಬಾಯಿಂದ ಬಂದ ವಾದ ತನ್ನ ಮೇಲೆ ಜಾಸ್ತಿ ಕೆಲಸ ಮಾಡುತ್ತದೆ. ಹಲವು ಪರೀಕ್ಷೆಗಳಲ್ಲಿ ಮೈ ಬಗೆಗಿನ ಬೇಸರ ಕಮ್ಮಿಯಾಗಿದ್ದು ಕಂಡಿದೆ. ನಿಮ್ಮ ಮಗಳನ್ನೇ ಕೇಳಿ, "ನಿನ್ನ ಗೆಳತಿ ಹೀಗೆ ಅಂದರೆ ನೀನು ಏನು ಹೇಳ್ತೀಯ?" ಆಮೇಲೆ ನೀವು ಸುಮ್ಮನಿರಿ. ಅದು ಕಷ್ಟದ ಭಾಗ!

ಇನ್ನೊಂದು, ತಪ್ಪು ತಿಳಿಯಬೇಡಿ. ಅವಳ ಎದುರು ನಿಮ್ಮ ಮೈ ಬಗ್ಗೆ ನೀವು ಏನು ಮಾತಾಡುತ್ತೀರಿ?

ಹನ್ನೆರಡರ ಅಮ್ಮ:
ಅಳತೆಟೇಪು ಅವರು ಹೇಳಿದ ಗಿರಾಕಿಗಳ ಥರವೇ ಮಾತಾಡುತ್ತೇನೆ. ಅದೂ ದಿನಾ.

ಅಜ್ಜಿಗಡಿಯಾರ:
ನನಗೆ ಅರವತ್ತು ದಾಟಿತು. ಈ ಕೊರಗು ವಯಸ್ಸಾದರೆ ತಾನಾಗೇ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲ್ಲ. ಹೊಟ್ಟೆ ನನಗೆ ಈಗಲೂ ಇಷ್ಟ ಇಲ್ಲ. ಆದರೆ ಮೊದಲು ಹೊಟ್ಟೆ ಇಷ್ಟ ಇಲ್ಲ ಅಂದರೆ ಇಡೀ ನಾನೇ ಇಷ್ಟ ಇಲ್ಲ ಅಂತಿತ್ತು. ಈಗ ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ. ಎಲ್ಲರಿಗೂ "ಮೈಯನ್ನು ಪ್ರೀತಿಸು" ಅಂತ ಹೋಮ್‌ವರ್ಕ್ ಕೊಡಬೇಡಿ. ಅದರಲ್ಲೂ ಫೇಲಾದೆ ಅಂತ ಇನ್ನೊಂದು ಕೊರಗು ಶುರುವಾಗುತ್ತದೆ.

ಎರಡು ಜಡೆ:
ಇದನ್ನು ನಾನು ಬರೆದಿಟ್ಟುಕೊಳ್ಳುತ್ತೇನೆ ಅಜ್ಜಿ.

ಸುಮ್ನೆ ಓದುವವ:
ನನ್ನದೊಂದು ಅನುಮಾನ. ಯಾರೂ ಏನೂ ಹೇಳದಿದ್ದರೆ ಅದನ್ನೂ ಜನ ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ. ನೀಲಿಕೊಡೆ ಅವರೇ ಹೇಳಿದರಲ್ಲ, ಸುಮ್ಮನಿರುವುದೂ ಕೇಳಿಸುತ್ತದೆ ಅಂತ. ಮತ್ತೆ ಸುಮ್ಮನಿರಿ ಅನ್ನುತ್ತಿದ್ದೀರಿ.

ನೀಲಿಕೊಡೆ:
ಹೊಗಳಿ ನಿಲ್ಲಿಸಿದ್ದಕ್ಕೆ ಅದು ಕೇಳಿಸುವುದು. ಮೊದಲೇ ಆ ಮಾತು ಇಲ್ಲದಿದ್ದರೆ ನಿಲ್ಲಲು ಏನಿದೆ? ಮತ್ತೆ, ಅಷ್ಟು ಬೇಗ ಸಣ್ಣ ಆಗುತ್ತಿದ್ದವಳನ್ನು ಒಬ್ಬರಾದರೂ "ಹುಷಾರಾಗಿದ್ದೀಯ ತಾನೇ?" ಅಂತ ಕೇಳಿದ್ದರೆ ನಾನು ಬೇಗ ಡಾಕ್ಟರ ಹತ್ತಿರ ಹೋಗುತ್ತಿದ್ದೆ. ಹೊಗಳಿಕೆಯ ಖುಷಿಯಲ್ಲಿ ಕೈ ನಡುಕವನ್ನು ನಾನೇ ಕಡೆಗಣಿಸಿದೆ.

ದಾದಿ:
ಪ್ರಯತ್ನ ಇಲ್ಲದೆ ತೂಕ ಇಳಿದರೆ ಪರೀಕ್ಷೆ ಮಾಡಿಸಲೇಬೇಕು. ಥೈರಾಯ್ಡ್, ಸಕ್ಕರೆ, ಕ್ಷಯ, ಕ್ಯಾನ್ಸರ್, ಖಿನ್ನತೆ, ಯಾವುದೂ ಇರಬಹುದು. ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ.

ಗಟ್ಟಿಮಾತು:
ನಾನು ಪೂರ್ತಿ ಒಪ್ಪಿಲ್ಲ. ನನ್ನ ಗೆಳತಿಗೆ ಈ ಚರ್ಚೆ ತೋರಿಸಿದೆ. "ನನಗೆ ಹೊಗಳಿಕೆ ಬೇಕು, ಇವರ ಮಾತು ಕೇಳಿ ನಿಲ್ಲಿಸಬೇಡ" ಅಂದಳು. ಅವಳು ಕೇಳಿದ್ದಾಳೆ, ನಾನು ಹೊಗಳುತ್ತೇನೆ. ಕೇಳದವರಿಗೆ ಹೇಳಲು ಹೋಗಲ್ಲ, ಅಷ್ಟು ಬೇಕಾದರೆ ಒಪ್ಪುತ್ತೇನೆ.

ನೀಲಿಕೊಡೆ:
ಅವಳೇ ಕೇಳಿದ್ದರೆ ನನ್ನ ತಕರಾರಿಲ್ಲ. ಮುಂದಿನ ವರ್ಷವೂ ಒಮ್ಮೆ ಅವಳನ್ನೇ ಕೇಳಿ.